ಪದವಿ ತರಗತಿಯಲ್ಲಿ ಕಲಿಕಾ ನ್ಯೂನತೆ: ಎಲ್ಲರನ್ನೂ ಒಳಗೊಳ್ಳುವ ಬೋಧನೆ

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಲಯವೊಂದರಲ್ಲಿ ವಾಣಿಜ್ಯ ಪದವಿಯ ಎರಡನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದ ಒಬ್ಬ ಹುಡುಗನನ್ನು ನಾವು ಹತ್ತಿರದಿಂದ ಕಂಡಿದ್ದೆವು. ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕಾರು ಗೆಳೆಯರನ್ನು ಸುತ್ತ ಕೂರಿಸಿಕೊಂಡು ಪಾಲುದಾರಿಕೆಯ ಲೆಕ್ಕಗಳನ್ನು ಬಾಯಿಮಾತಿನಲ್ಲಿಯೇ ಬಿಡಿಸಿ ಹೇಳುತ್ತಿದ್ದವನು ಅವನು. ಅವನಿಂದ ಹೇಳಿಸಿಕೊಂಡವರೆಲ್ಲ ತೇರ್ಗಡೆಯಾದರು. ಅವನು ಮೂರು ವಿಷಯಗಳಲ್ಲಿ ಉಳಿದುಕೊಂಡ. ಉತ್ತರ ಪತ್ರಿಕೆಯಲ್ಲಿ ಅರ್ಧಕ್ಕೆ ನಿಂತ ವಾಕ್ಯಗಳು, ಒತ್ತಕ್ಷರ ಕಳಚಿಹೋದ ಪದಗಳು, ಮುಟ್ಟದೆ ಬಿಟ್ಟ ದೊಡ್ಡ ಪ್ರಶ್ನೆಗಳು. ಓದಿನಲ್ಲಿ ಮನಸ್ಸಿಲ್ಲ, ಮಾತಿನಲ್ಲಷ್ಟೇ ಮುಂದು ಎಂದು ಅಧ್ಯಾಪಕರು ತೀರ್ಮಾನಿಸಿದರು. ಮರೆಮಾಚುವುದೇಕೆ, ನಾವೂ ಅದನ್ನೇ ನಂಬಿ ಅವನಿಗೆ ಬುದ್ಧಿವಾದ ಹೇಳಿದೆವು. ಮೂರನೆಯ ಸೆಮಿಸ್ಟರಿಗೆ ಅವನು ಹಿಂದಿರುಗಲಿಲ್ಲ.

ಅವನಿಗೆ ಇದ್ದ ತೊಂದರೆ ಯಾವುದೆಂದು ಇಂದು ನಿಶ್ಚಯವಾಗಿ ಹೇಳಲಾಗದು, ಏಕೆಂದರೆ ಯಾರೂ ಅದನ್ನು ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕೆಂಬುದೇ ನಮಗೆ ಹೊಳೆಯಲಿಲ್ಲ. ಆ ಅರಿವಿನ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವ ಸಲುವಾಗಿ ಈ ಲೇಖನ.

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ 14 ವರ್ಷದ ಒಬ್ಬ ಬಾಲಕನ ವಿಚಾರವನ್ನು ಬರೆದರು. ಆಟದಲ್ಲಿ ಚುರುಕು, ಮಾತಿನಲ್ಲಿ ಜಾಣ, ಲೆಕ್ಕದಲ್ಲಿಯೂ ಹಿಂದಿಲ್ಲ. ಆದರೆ ವರ್ಷಗಟ್ಟಲೆ ಪಾಠ ಹೇಳಿಸಿದರೂ ಸಣ್ಣ ಸಣ್ಣ ಪದಗಳನ್ನು ಓದಲಾರ. ಪಾಠವೆಲ್ಲ ಬಾಯಿಯ ಮೂಲಕವೇ ನಡೆಯುವುದಾಗಿದ್ದರೆ ಶಾಲೆಗೆಲ್ಲ ಇವನೇ ಜಾಣನೆನಿಸುತ್ತಿದ್ದ ಎಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟರೆಂದೂ ಮಾರ್ಗನ್ ದಾಖಲಿಸಿದ್ದಾರೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಉಪಾಧ್ಯಾಯರು ಕಂಡದ್ದನ್ನು ನಾವು ನಮ್ಮ ಕಣ್ಣೆದುರಿಗಿದ್ದ ಹುಡುಗನಲ್ಲಿ ಕಾಣದೆ ಹೋದೆವು.

ಇಂದು ಇದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಕರೆಯುತ್ತಾರೆ. ಇಲ್ಲಿ ‘ನಿರ್ದಿಷ್ಟ’ ಎಂಬ ಮಾತು ಮುಖ್ಯವಾದುದು. ಬುದ್ಧಿಶಕ್ತಿಯಲ್ಲಿ ಕೊರತೆಯಿಲ್ಲ, ಕಣ್ಣು ಕಿವಿಗಳಲ್ಲಿ ದೋಷವಿಲ್ಲ, ಕಲಿಸುವವರ ಅಭಾವವೂ ಇಲ್ಲ; ಆದರೂ ಓದು, ಬರಹ ಅಥವಾ ಗಣಿತ, ಇವುಗಳಲ್ಲಿ ಯಾವುದೋ ಒಂದು ಕಾರ್ಯದಲ್ಲಿ ಮಾತ್ರ ಮಿದುಳು ಅಕ್ಷರ ಅಥವಾ ಅಂಕೆಯನ್ನು ಗ್ರಹಿಸಿ ಬಳಸುವ ಬಗೆ ಬೇರೆಯಾಗಿರುತ್ತದೆ. ಓದಿಗೆ ಸಂಬಂಧಿಸಿದ್ದು ಡಿಸ್‌ಲೆಕ್ಸಿಯಾ, ಬರವಣಿಗೆಗೆ ಸಂಬಂಧಿಸಿದ್ದು ಡಿಸ್‌ಗ್ರಾಫಿಯಾ, ಲೆಕ್ಕಕ್ಕೆ ಸಂಬಂಧಿಸಿದ್ದು ಡಿಸ್‌ಕ್ಯಾಲ್ಕುಲಿಯಾ. ಇದು ಹುಟ್ಟಿನೊಂದಿಗೆ ಬರುವುದು, ಅನೇಕ ವೇಳೆ ಮನೆತನದಲ್ಲಿ ಹರಿದು ಬರುವುದು. ಔಷಧದಿಂದ ಗುಣವಾಗುವ ರೋಗವಲ್ಲ. ವಯಸ್ಸಾದಂತೆ ತಾನೇ ಮಾಯವಾಗುವುದೂ ಇಲ್ಲ. ಸರಿಯಾದ ತರಬೇತಿಯಿಂದ ಓದು ಸುಧಾರಿಸುತ್ತದೆ, ಆದರೆ ವೇಗ ಬಹುಮಟ್ಟಿಗೆ ಕಡಿಮೆಯಾಗಿಯೇ ಉಳಿಯುತ್ತದೆ. ಶಾಲೆಯಲ್ಲಿ ಹೇಗೋ ದಾಟಿ ಬಂದ ಮಕ್ಕಳು ಪದವಿಯಲ್ಲಿ ಮುಗ್ಗರಿಸುವುದಕ್ಕೆ ಕಾರಣ ಇಲ್ಲಿಯೇ ಇದೆ. ಹತ್ತನೆಯ ತರಗತಿಯವರೆಗೆ ಪಠ್ಯ ಚಿಕ್ಕದು, ಕಂಠಪಾಠಕ್ಕೆ ಅವಕಾಶವುಂಟು, ತಾಯಿಯೋ ಅಕ್ಕನೋ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಾರೆ. ಪದವಿಗೆ ಬಂದಾಗ ಓದಬೇಕಾದ ಪುಟಗಳು ನೂರಾರು, ಹೇಳಿಕೊಡುವವರು ಊರಿನಲ್ಲಿ, ತರಗತಿಯಲ್ಲಿ ಎಂಬತ್ತು ಜನ.

ಕನ್ನಡದ ಓದಿನ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಡಿಸ್‌ಲೆಕ್ಸಿಯಾ ಎಂಬುದು ಇಂಗ್ಲಿಷಿನ ಕಾಯಿಲೆ, ಬರೆದಂತೆ ಓದುವ ನಮ್ಮ ಭಾಷೆಯಲ್ಲಿ ಅದಕ್ಕೆ ಎಡೆಯಿಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ಇದು ಅರ್ಧ ಸತ್ಯ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದರಿಂದ ತೊಂದರೆ ಬೇಗ ಬಯಲಿಗೆ ಬರುತ್ತದೆ. ಕನ್ನಡದಲ್ಲಿ ಅಕ್ಷರಕ್ಕೂ ಧ್ವನಿಗೂ ಇರುವ ನಂಟು ನೇರವಾದುದು, ನಿಜ. ಆದರೆ ಕಲಿಯಬೇಕಾದ ಚಿಹ್ನೆಗಳು ಐವತ್ತಕ್ಕೆ ಮುಗಿಯುವುದಿಲ್ಲ. ಪ್ರತಿಯೊಂದು ವ್ಯಂಜನಕ್ಕೂ ಕಾಗುಣಿತ, ಅದರ ಕೆಳಗೆ ಒತ್ತಕ್ಷರ, ಒತ್ತಕ್ಷರವಿದ್ದಾಗ ಸ್ವರದ ಗುರುತು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದರೂ ಉಚ್ಚಾರದಲ್ಲಿ ಕೊನೆಗೆ ಬರುವ ಪದ್ಧತಿ, ಬರೆಯುವಾಗ ಕೊನೆಗೆ ಬಂದು ನುಡಿಯುವಾಗ ಮೊದಲು ಬರುವ ಅರ್ಕಾವತ್ತು. ಹೀಗೆ ರೂಪಗಳು ನೂರಾರಾಗುತ್ತವೆ. ಸೋನಾಲಿ ನಾಗ್ ಅವರು ಬೆಂಗಳೂರಿನ ಮಕ್ಕಳ ಕನ್ನಡ ಓದಿನ ಬಗ್ಗೆ ನಡೆಸಿದ ಸಂಶೋಧನೆ, ಅಕ್ಷರಗಳ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಸಾಗುತ್ತದೆಂದು ತೋರಿಸಿಕೊಟ್ಟಿದೆ. ಕಲಿಕಾ ನ್ಯೂನತೆಯುಳ್ಳ ಮಗುವಿಗೆ ಈ ಹಾದಿ ಇನ್ನೂ ದೀರ್ಘವಾದುದು. ಮ ಮತ್ತು ವ, ಪ ಮತ್ತು ಷ, ದ ಮತ್ತು ಧ ಕಲೆಸಿಹೋಗುವುದು, ದೀರ್ಘ ಬಿಟ್ಟುಹೋಗುವುದು, ಒತ್ತು ಜಾರಿ ಪಕ್ಕದ ಅಕ್ಷರಕ್ಕೆ ಹೋಗುವುದು, ಎಲ್ಲಕ್ಕಿಂತ ಮಿಗಿಲಾಗಿ ಓದು ಅಕ್ಷರ ಅಕ್ಷರವಾಗಿ ತೆವಳುವುದು ಇದರ ಗುರುತುಗಳು. ಓದಿದ್ದು ತಪ್ಪಿರದಿದ್ದರೂ ವಾಕ್ಯದ ಕೊನೆ ತಲುಪುವಷ್ಟರಲ್ಲಿ ಅದರ ಮೊದಲು ಮರೆತಿರುತ್ತದೆ.

ಇದರಿಂದ ಅಧ್ಯಾಪಕರಿಗೆ ಉಪಯುಕ್ತವಾದ ಒಂದು ಸೂಚನೆ ದೊರೆಯುತ್ತದೆ. ಗ್ರಾಮೀಣ ಭಾಗದಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ಮಾಧ್ಯಮದ ಪದವಿಗೆ ಸೇರಿದವರೆಲ್ಲ ಮೊದಲ ವರ್ಷ ತಡವರಿಸುತ್ತಾರೆ. ಅದು ಭಾಷೆಯ ಅಪರಿಚಯ, ಅಭ್ಯಾಸದಿಂದ ಕಳೆಯುತ್ತದೆ. ಹಾಗಾದರೆ ಬೇರ್ಪಡಿಸುವುದು ಹೇಗೆ? ವಿದ್ಯಾರ್ಥಿಗೆ ಕನ್ನಡದ ದಿನಪತ್ರಿಕೆಯನ್ನು ಕೊಟ್ಟು ಗಟ್ಟಿಯಾಗಿ ಓದಿಸಿ ನೋಡಬೇಕು, ಅದೂ ಏಕಾಂತದಲ್ಲಿ. ಕನ್ನಡವನ್ನು ಸರಾಗವಾಗಿ ಓದುವವನ ತೊಂದರೆ ಬಹುಶಃ ಇಂಗ್ಲಿಷಿನದು. ಮನೆಮಾತಿನ ಬರಹದಲ್ಲಿಯೂ ಎಡವುವವನನ್ನು ತಜ್ಞರ ಬಳಿಗೆ ಕಳುಹಿಸಬೇಕು. ಉರ್ದು, ತೆಲುಗು, ಲಂಬಾಣಿ, ತುಳು ಮನೆಮಾತಾಗಿರುವ ಮಕ್ಕಳ ವಿಷಯದಲ್ಲಿ ಈ ಅಳತೆಯನ್ನು ಎಚ್ಚರದಿಂದ ಬಳಸಬೇಕೆಂಬುದನ್ನೂ ಹೇಳಿಬಿಡುತ್ತೇವೆ. ಇದು ಕೇವಲ ಸುಳಿವು. ನಿರ್ಣಯಿಸುವುದು ಅಧ್ಯಾಪಕರ ಕೆಲಸವಲ್ಲ.

ನಿರ್ಣಯಿಸುವವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾ ಸಮೂಹವನ್ನೇ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ದೇಶಕ್ಕೆಲ್ಲ ಅನ್ವಯಿಸಿತು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಕಲಿಕೆಯ ತೊಂದರೆಗಳ ತಪಾಸಣೆಗೆ ವ್ಯವಸ್ಥೆಯಿದೆ. ಅದೇ ಮಾರ್ಗಸೂಚಿಯಂತೆ 8 ವರ್ಷ ತುಂಬಿದ ಬಳಿಕ ಪ್ರಮಾಣಪತ್ರ ದೊರೆಯುತ್ತದೆ, 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ನಡೆಯುತ್ತದೆ, 18ರಲ್ಲಿ ಕೊಟ್ಟ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತ. ಪದವಿಗೆ ಸೇರುವ ವಯಸ್ಸು ಅದೇ ಆಗಿರುವುದರಿಂದ ಪೋಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಶಾಲೆಯಲ್ಲಿ ಪಡೆದ ಹಳೆಯ ಪತ್ರವನ್ನೇ ಹಿಡಿದು ವಿಶ್ವವಿದ್ಯಾಲಯದ ಕಚೇರಿಗೆ ಅಲೆದವರುಂಟು.

ಕಾನೂನಿನ ಬೆಂಬಲವೂ ಈಗ ಗಟ್ಟಿಯಾಗಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಹೆಸರಿಸಲಾಗಿತ್ತು; ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಆ ಸಂಖ್ಯೆಯನ್ನು 21ಕ್ಕೆ ಏರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಅದರ 17ನೆಯ ಪ್ರಕರಣ ಪಠ್ಯಕ್ರಮದಲ್ಲಿಯೂ ಪರೀಕ್ಷಾ ಪದ್ಧತಿಯಲ್ಲಿಯೂ ಸೂಕ್ತ ಮಾರ್ಪಾಡು ಮಾಡಬೇಕೆಂದು, ಹೆಚ್ಚಿನ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದವುಗಳನ್ನು ಹೆಸರಿಸಿ ಹೇಳುತ್ತದೆ. 32ನೆಯ ಪ್ರಕರಣದಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 40 ಅಥವಾ ಅದಕ್ಕೆ ಮೇಲ್ಪಟ್ಟ ಅಂಗವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಮೀಸಲಿಡಬೇಕು. ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯೂ ಉಂಟು.

ಶೇ. 40ರ ಗಡಿ ಮುಟ್ಟದವರ ಗತಿ ಏನು? ವಿಕಾಸ್ ಕುಮಾರ್ ಮತ್ತು ಕೇಂದ್ರ ಲೋಕಸೇವಾ ಆಯೋಗದ ನಡುವಣ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಉತ್ತರ ಕೊಟ್ಟಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ಮೀಸಲಾತಿಗೆ ಶೇಕಡಾವಾರು ಮಿತಿ ಅನ್ವಯಿಸಬಹುದು, ಆದರೆ ಪರೀಕ್ಷೆಯಲ್ಲಿ ನೆರವು ನೀಡಲು ಆ ಮಿತಿಯನ್ನು ಅಡ್ಡ ತರಬಾರದು ಎಂಬುದು ತೀರ್ಪಿನ ಸಾರ. ಅದರ ಫಲವಾಗಿ ಶೇ. 40ಕ್ಕಿಂತ ಕಡಿಮೆ ತೊಂದರೆಯಿದ್ದು ಬರೆಯಲು ಕಷ್ಟಪಡುವವರಿಗಾಗಿ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಟಿತು. 2021ರ ನವೆಂಬರಿನಲ್ಲಿ ಇನ್ನೊಂದು ಪ್ರಕರಣ ಅದೇ ನ್ಯಾಯಾಲಯದ ಮುಂದೆ ಬಂದಿತ್ತು. ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಒಂದು ಗಂಟೆಯ ಹೆಚ್ಚುವರಿ ಸಮಯವನ್ನು ಕೊಡದೆ ಉತ್ತರ ಪತ್ರಿಕೆ ಕಿತ್ತುಕೊಳ್ಳಲಾಗಿತ್ತು. ಆದದ್ದು ಅನ್ಯಾಯವೆಂದು ನ್ಯಾಯಾಲಯ ಒಪ್ಪಿತು. ಮರುಪರೀಕ್ಷೆಗೆ ಮಾತ್ರ ಆದೇಶಿಸಲಿಲ್ಲ, ಪರಿಹಾರವನ್ನು ಪರಿಶೀಲಿಸುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು. ನಿಯಮ ಕಾಗದದಲ್ಲಿದ್ದು ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ ತಿಳಿದಿರದಿದ್ದರೆ ಒಂದು ಮಗುವಿನ ವರ್ಷ ಹೇಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೆಚ್ಚುವರಿ ಸಮಯ ಎಂದರೆ ಗಂಟೆಗೆ ಕನಿಷ್ಠ 20 ನಿಮಿಷ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಉಳಿದ ಮಕ್ಕಳಿಗೆ ಇದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಾಮಾಣಿಕವಾದ ಪ್ರಶ್ನೆಯೇ ಅದು. ಲೆಕ್ಕಶಾಸ್ತ್ರದ ಪರೀಕ್ಷೆ ಅಳೆಯಬೇಕಾದದ್ದು ಲೆಕ್ಕಶಾಸ್ತ್ರದ ತಿಳಿವಳಿಕೆಯನ್ನು. ಬರೆಯುವ ವೇಗ ಅಲ್ಲಿ ಕೇವಲ ಸಾಧನ. ಶೀಘ್ರಲಿಪಿಯ ಪರೀಕ್ಷೆಯಲ್ಲಾದರೆ ವೇಗವೇ ವಿದ್ಯೆ, ಅಲ್ಲಿ ಈ ವಾದ ಹಾಗೆಯೇ ನಿಲ್ಲುವುದಿಲ್ಲ ಎಂದು ನಾವೂ ಒಪ್ಪುತ್ತೇವೆ. ಕನ್ನಡಕ ಧರಿಸಿ ಪರೀಕ್ಷೆ ಬರೆದವನ ಅಂಕದಲ್ಲಿ ಕನ್ನಡಕದ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲವಷ್ಟೆ. ಸುಳ್ಳು ಪ್ರಮಾಣಪತ್ರದ ಭಯವನ್ನು ಮುಂದೊಡ್ಡುವವರಿಗೆ ನಮ್ಮ ಉತ್ತರ ಇಷ್ಟೆ: ತಪಾಸಣೆಯನ್ನು ಬಿಗಿಗೊಳಿಸಿರಿ, ನಿಜವಾಗಿ ಕಷ್ಟದಲ್ಲಿರುವವರಿಗೆ ಬಾಗಿಲು ಮುಚ್ಚಬೇಡಿರಿ.

ಆದರೆ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ಬರುವುದು. ತರಗತಿ ದಿನವೂ ನಡೆಯುವುದು. ಒಳಗೊಳ್ಳುವ ಬೋಧನೆಯ ತಿರುಳು ಇರುವುದು ಅಲ್ಲಿಯೇ. ಅಮೆರಿಕದಲ್ಲಿ 1984ರಲ್ಲಿ ಆರಂಭವಾದ ಕಾಸ್ಟ್ ಎಂಬ ಸಂಸ್ಥೆ ಇದಕ್ಕೊಂದು ಚೌಕಟ್ಟನ್ನು ರೂಪಿಸಿದೆ. ಕಲಿಕೆಯ ಸಾರ್ವತ್ರಿಕ ವಿನ್ಯಾಸ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಇದರ ಮೂಲ ಕಲ್ಪನೆ ಕಟ್ಟಡ ನಿರ್ಮಾಣದಿಂದ ಬಂದದ್ದು. ದೇವಾಲಯದ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಗೆಂದು ಇಳಿಜಾರು ಹಾದಿಯನ್ನು ಮಾಡಿಸುತ್ತಾರೆ. ಅದರಲ್ಲಿ ಮಂಡಿನೋವಿನ ಅಜ್ಜಿಯರು ಹತ್ತುತ್ತಾರೆ, ಅಡುಗೆಮನೆಗೆ ಅಕ್ಕಿಮೂಟೆಯ ಗಾಡಿ ಹೋಗುತ್ತದೆ. ಅಂತೆಯೇ ಪಾಠದಲ್ಲಿಯೂ: ವಿಷಯವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಮುಂದಿಡುವುದು, ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಕೊಡುವುದು, ಆಸಕ್ತಿ ಹುಟ್ಟಲು ಒಂದಕ್ಕಿಂತ ಹೆಚ್ಚು ನೆಲೆ ಒದಗಿಸುವುದು. ಯಾರು ನ್ಯೂನತೆಯುಳ್ಳವರೆಂದು ಬೆರಳು ಮಾಡಿ ತೋರಿಸುವ ಪ್ರಮೇಯವೇ ಬಾರದು. ಪ್ರಮಾಣಪತ್ರವಿಲ್ಲದವರಿಗೂ, ತಮ್ಮ ತೊಂದರೆಯ ಹೆಸರೇ ತಿಳಿಯದವರಿಗೂ ಇದು ತಲುಪುತ್ತದೆ ಎಂಬುದೇ ಇದರ ದೊಡ್ಡ ಗುಣ.

ನಮ್ಮ ಕಾಲೇಜುಗಳಲ್ಲಿ ಬೇರೂರಿರುವ ನೋಟ್ಸ್ ಬರೆಸುವ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಅಧ್ಯಾಪಕರು ಹೇಳುತ್ತ ಹೋಗುತ್ತಾರೆ, ವಿದ್ಯಾರ್ಥಿಗಳು ತಲೆಯೆತ್ತದೆ ಬರೆಯುತ್ತಾರೆ. ಬರವಣಿಗೆ ಕಷ್ಟವಾದವನು ಮೂರನೆಯ ವಾಕ್ಯದಲ್ಲಿ ಹಿಂದೆ ಬೀಳುತ್ತಾನೆ. ಬರೆಯುವುದರಲ್ಲಿಯೇ ಗಮನವೆಲ್ಲ ಕರಗುವುದರಿಂದ ಕೇಳಿದ್ದೂ ದಕ್ಕುವುದಿಲ್ಲ. ಟಿಪ್ಪಣಿಯನ್ನು ಹಿಂದಿನ ದಿನವೇ ಹಂಚಿ, ಆ ಗಂಟೆಯನ್ನು ವಿವರಣೆಗೂ ಪ್ರಶ್ನೋತ್ತರಕ್ಕೂ ಮೀಸಲಿಟ್ಟರೆ ಇಡೀ ತರಗತಿಗೆ ಲಾಭ. ತರಗತಿಯಲ್ಲಿ ಯಾರನ್ನೋ ಹಠಾತ್ತನೆ ಎಬ್ಬಿಸಿ ಪುಟ ಓದಿಸುವ ಅಭ್ಯಾಸವನ್ನು ಬಿಡಬೇಕು. ಆ ಎರಡು ನಿಮಿಷಗಳ ಅವಮಾನಕ್ಕೆ ಹೆದರಿ ಹಾಜರಾತಿ ತಪ್ಪಿಸಿಕೊಳ್ಳುವ ಮಕ್ಕಳಿದ್ದಾರೆ. ಆಂತರಿಕ ಅಂಕಗಳು ಅಧ್ಯಾಪಕರ ಕೈಯಲ್ಲಿಯೇ ಇರುವುದರಿಂದ ಲಿಖಿತ ನಿಯೋಜನೆಗೆ ಬದಲಾಗಿ ಮೌಖಿಕ ಮಂಡನೆಗೆ, ನಕ್ಷೆಗೆ, ಧ್ವನಿಮುದ್ರಿಕೆಗೆ ಅವಕಾಶ ಕೊಡುವುದು ಅನೇಕ ಕಡೆ ಸಾಧ್ಯ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಕಂತುಗಳಾಗಿ ಒಡೆದು ದಿನಾಂಕ ಗೊತ್ತುಮಾಡುವುದೂ ನೆರವಾಗುತ್ತದೆ.

ತಂತ್ರಜ್ಞಾನದ ವಿಷಯದಲ್ಲಿ ನಮ್ಮದೇ ಆದ ಒಂದು ತೊಡಕಿದೆ. ಹೊರಗಿನ ಪುಸ್ತಕಗಳಲ್ಲಿ ಅದರ ಪ್ರಸ್ತಾಪ ದೊರೆಯದು. ಇಂದಿನ ಮೊಬೈಲ್ ಫೋನುಗಳು ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳಬಲ್ಲವು. ಆದರೆ ಆ ಪಠ್ಯ ಯೂನಿಕೋಡಿನಲ್ಲಿರಬೇಕು. ನಮ್ಮ ಅಧ್ಯಾಪಕರ ಬಳಿ ಇರುವ ಎಷ್ಟೋ ಟಿಪ್ಪಣಿಗಳು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದಂಥವು. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಪುಸ್ತಕದ ಪುಟಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೂ ಅದೇ ಕಥೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ಇವೆ. ಒಂದು ವಿಭಾಗದವರು ಒಂದು ರಜೆಯಲ್ಲಿ ಕುಳಿತರೆ ಮುಗಿಯುವ ಕೆಲಸವಿದು, ಖರ್ಚಂತೂ ಇಲ್ಲ. ಮುದ್ರಿತ ಪುಸ್ತಕಗಳನ್ನು ಓದಲಾಗದವರಿಗಾಗಿ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯವಿದೆ. ಪುಸ್ತಕವನ್ನು ಇಂಥವರಿಗಾಗಿ ಬೇರೆ ರೂಪಕ್ಕೆ ತರುವುದು ಅಪರಾಧವಲ್ಲವೆಂದು 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಈ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತವೇ.

ನ್ಯಾಕ್ ಮೌಲ್ಯಮಾಪನದ ವೇಳೆ ಕಾಲೇಜುಗಳು ಅಂಗವಿಕಲಸ್ನೇಹಿ ಸೌಲಭ್ಯಗಳ ಕಡತವನ್ನು ಸಿದ್ಧಪಡಿಸುತ್ತವೆ. ಇಳಿಜಾರು ಹಾದಿಯ ಚಿತ್ರ ಅದರಲ್ಲಿ ತಪ್ಪದೆ ಇರುತ್ತದೆ. ಕಣ್ಣಿಗೆ ಕಾಣದ ತೊಂದರೆಗೆ ಮಾಡಿದ ಏರ್ಪಾಡಿನ ಚಿತ್ರ ತೆಗೆಯಲಾಗದು. ಅದಕ್ಕೇ ಇರಬಹುದು, ಆ ಏರ್ಪಾಡು ಹಿಂದೆ ಬೀಳುವುದು.

ಪೋಷಕರೊಡನೆ ಒಂದೆರಡು ಮಾತು. ಮಗನಿಗೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಮಾಡಿಸಿದರೆ ನಾಳೆ ನೌಕರಿಗೆ ತೊಡಕಾದೀತು, ಮಗಳಿಗಾದರೆ ಸಂಬಂಧ ಕೂಡಿ ಬಾರದು ಎಂಬ ಅಳುಕು ನಮ್ಮ ಸಮಾಜದಲ್ಲಿ ಬಲವಾಗಿದೆ. ಪ್ರಮಾಣಪತ್ರವನ್ನು ಯಾರಿಗೆ ತೋರಿಸಬೇಕೆಂಬುದು ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟದ್ದು. ಅದನ್ನು ಮಾಡಿಸದೆ ಉಳಿದರೆ ತಪ್ಪುವುದು ಹೆಸರೊಂದೇ, ತೊಂದರೆಯಲ್ಲ; ಅಂಕಪಟ್ಟಿಯ ಮೇಲೆ ಬೀಳುವ ಅನುತ್ತೀರ್ಣದ ಮುದ್ರೆಯನ್ನಂತೂ ಯಾರಿಂದಲೂ ಮುಚ್ಚಿಡಲಾಗದು. ದಡ್ಡ, ಸೋಮಾರಿ ಎಂದು ಹತ್ತು ವರ್ಷ ಕೇಳಿಸಿಕೊಂಡವನು ಕೊನೆಗೆ ತಾನೂ ಅದನ್ನು ನಂಬುತ್ತಾನೆ. ಹದಿನೆಂಟರ ಹರೆಯದಲ್ಲಿ ತನ್ನ ತೊಂದರೆಗೆ ಹೆಸರು ದೊರೆತಾಗ ಹಲವರಿಗೆ ಮೊದಲು ಬರುವುದು ಕಣ್ಣೀರು, ಅದರ ಹಿಂದೆಯೇ ಬರುವುದು ಬಿಡುಗಡೆಯ ಭಾವ.

ಸೆಮಿಸ್ಟರ್ ಆರಂಭವಾದ ಕೂಡಲೆ ಪ್ರಮಾಣಪತ್ರದ ಪ್ರತಿಯೊಡನೆ ಪ್ರಾಂಶುಪಾಲರಿಗೂ, ಸಮಾನ ಅವಕಾಶ ಕೋಶವಿದ್ದರೆ ಅದಕ್ಕೂ ಲಿಖಿತ ಅರ್ಜಿ ಕೊಡಬೇಕು, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳಬೇಕು. ಪರೀಕ್ಷೆಯ ಹಿಂದಿನ ವಾರ ಓಡಾಡಿದರೆ ಆಗದು. ಲಿಪಿಕಾರರನ್ನು ವಿದ್ಯಾರ್ಥಿಯೇ ಕರೆತರುವುದಾದರೆ ಅವರ ವಿದ್ಯಾರ್ಹತೆ ಪರೀಕ್ಷಾರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕೆಂಬುದು 2018ರ ನಿಯಮವಾಗಿತ್ತು. ಪ್ರಸಾದ ನಿಲಯಗಳಲ್ಲಿ ಪದವಿಪೂರ್ವ ತರಗತಿಯ ಮಕ್ಕಳೂ ಪದವಿಯ ಮಕ್ಕಳೂ ಒಂದೇ ಸೂರಿನಡಿ ಇರುತ್ತಾರೆ. ಕೈಬರಹ ಸ್ಫುಟವಾಗಿರುವ ಕಿರಿಯರ ಒಂದು ಪಟ್ಟಿಯನ್ನು ನಿಲಯಪಾಲಕರು ಜೂನ್ ತಿಂಗಳಲ್ಲಿಯೇ ಸಿದ್ಧಪಡಿಸಿ, ತಿಂಗಳಿಗೆರಡು ಬಾರಿ ಹಿರಿಯರೊಡನೆ ಕೂರಿಸಿ ಹೇಳಿ ಬರೆಸುವ ಅಭ್ಯಾಸ ಮಾಡಿಸಬಹುದು. ಹೇಳಿ ಬರೆಸುವುದೂ ಒಂದು ಕಲೆ. ಮೊದಲ ಸಲ ಪರೀಕ್ಷಾ ಕೊಠಡಿಯಲ್ಲಿಯೇ ಅದನ್ನು ಮಾಡಹೊರಟರೆ ಇಬ್ಬರೂ ತಡವರಿಸುತ್ತಾರೆ. ಸಂಜೆಯ ಓದಿನ ಹೊತ್ತಿನಲ್ಲಿ ಗಟ್ಟಿಯಾಗಿ ಓದಲು ಒಂದು ಕೋಣೆಯನ್ನು ಬಿಟ್ಟುಕೊಟ್ಟರೆ, ಕಣ್ಣಿನಿಂದ ಓದಲಾರದವನು ಕಿವಿಯಿಂದ ಓದುತ್ತಾನೆ. ಓದಿ ಹೇಳಿದವನಿಗೂ ಪಾಠ ಗಟ್ಟಿಯಾಗುತ್ತದೆ. ನಮ್ಮ ಆ ಹುಡುಗ ಪರೀಕ್ಷೆಯ ಹಿಂದಿನ ರಾತ್ರಿ ಯಾರೂ ಹೇಳದೆಯೇ ಮಾಡುತ್ತಿದ್ದುದು ಇದೇ ಆಗಿತ್ತು. ಪುಸ್ತಕ ಗೆಳೆಯನ ಕೈಯಲ್ಲಿರುತ್ತಿತ್ತು, ಪ್ರಶ್ನೆಯನ್ನು ಅವನಿಂದ ಓದಿಸಿಕೊಂಡು ಉತ್ತರವನ್ನು ಇವನು ಹೇಳುತ್ತಿದ್ದ.